ಎರಡು ಕಮಲಾಪುರ, ಒಂದು ಹೊನ್ನು

ಬೆಂಗಳೂರಿನ ಆಫೀಸಿನಲ್ಲಿ ಯಾರಿಗಾದರೂ ‘ಕಮಲಾಪುರ’ ಅಂದರೆ ಅವರಿಗೆ ಮೊದಲು ನೆನಪಾಗೋದು ಹಂಪಿ. ಲಾಂಗ್ ವೀಕೆಂಡಿನಲ್ಲಿ ಹೋಗಿ ಉಳಿದುಕೊಂಡ ಊರು, ಪುರಾತತ್ವ ಇಲಾಖೆಯ ಮ್ಯೂಸಿಯಂ ಇರೋ ಊರು. ನಮ್ಮ ಕಲಬುರಗಿ ಕಡೆಯವರಿಗೆ ಕಮಲಾಪುರ ಅಂದರೆ ಬೇರೇನೇ. ಹುಮನಾಬಾದ್ ರಸ್ತೆಯಲ್ಲಿ ಸಿಗೋ, ಕೆಂಪು ಬಾಳೆಹಣ್ಣಿನ ಕಮಲಾಪುರ. ಊರಿಗೆ ಹೋಗಿ ಬರುವಾಗ ಒಂದು ಡಜನ್ ಕಟ್ಟಿಸಿಕೊಂಡು ಬರದಿದ್ದರೆ ಮನೆಯಲ್ಲಿ ‘ಬರೀಗೈಲೆ ಬಂದಿ?’ ಅಂತ ಕೇಳ್ತಾರೆ.

ಆರುನೂರ ಐವತ್ತು ವರ್ಷಗಳ ಹಿಂದೆ ಈ ಎರಡು ಊರುಗಳ ನೆಲ ಎರಡು ಶತ್ರು ರಾಜ್ಯಗಳಲ್ಲಿತ್ತು. ಹಂಪಿಯ ಪಕ್ಕದ ಕಮಲಾಪುರದ ನೆಲ ವಿಜಯನಗರದ್ದು. ಬಾಳೆಹಣ್ಣಿನ ಕಮಲಾಪುರದ ನೆಲ ಬಹಮನಿ ಸುಲ್ತಾನರದ್ದು. ನಡುವೆ ಕೃಷ್ಣಾ, ತುಂಗಭದ್ರಾ ನದಿಗಳು, ರಾಯಚೂರು ದೋಆಬ್, ಮುಗಿಯದ ಯುದ್ಧಗಳು. ಸ್ಕೂಲಿನಲ್ಲಿ ನಾವು ಓದಿದ್ದು ಇಷ್ಟೇ. ಓದದೇ ಇದ್ದದ್ದು ಇನ್ನೊಂದಿದೆ. ಯುದ್ಧದ ಎರಡೂ ಕಡೆ ಜನರ ಕೈಯಲ್ಲಿ ಓಡಾಡುತ್ತಿದ್ದ ಚಿನ್ನ ಒಂದೇ. ಅದರ ಮೇಲೆ ಹನುಮಂತ ಇದ್ದ, ಗರುಡ ಇದ್ದ, ಮುಂದೆ ಶಿವ-ಪಾರ್ವತಿಯರೂ ಬಂದರು. ಅದನ್ನು ನಿಲ್ಲಿಸೋದಕ್ಕೆ ಕಲಬುರಗಿಯ ಒಬ್ಬ ಸುಲ್ತಾನ ಕತ್ತಿ ಹಿಡಿದ. ಆದರೂ ಅದು ನಿಲ್ಲಲಿಲ್ಲ.

ಈ ಕಥೆ ಬರೆಯಬೇಕು ಅನ್ನಿಸಿದ್ದು ಒಂದು ವಾಟ್ಸಾಪ್ ಫಾರ್ವರ್ಡಿನಿಂದ. ನಿಮಗೂ ಬಂದಿರಬಹುದು. ‘1818ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಹೊರಡಿಸಿದ ರಾಮ ದರ್ಬಾರ್ ನಾಣ್ಯ, ನೋಡಿ ಬ್ರಿಟಿಷರೂ ನಮ್ಮ ದೇವರಿಗೆ ಹೇಗೆ ಗೌರವ ಕೊಟ್ಟಿದ್ದರು’ ಅಂತ. ಒಂದು ಕಡೆ ರಾಮ, ಸೀತೆ, ಹನುಮಂತ. ಇನ್ನೊಂದು ಕಡೆ ಇಂಗ್ಲಿಷಿನಲ್ಲಿ ಕಂಪನಿಯ ಹೆಸರು, ‘ಒಂದು ಆಣೆ’ ಅಂತಲೋ ‘ಎರಡು ಆಣೆ’ ಅಂತಲೋ. ಆನ್‌ಲೈನಿನಲ್ಲಿ ಇದನ್ನು ಸಾವಿರಾರು ರೂಪಾಯಿಗೆ, ಕೆಲವೊಮ್ಮೆ ಲಕ್ಷಕ್ಕೆ ಮಾರಲು ಇಟ್ಟಿರುತ್ತಾರೆ. ಇದು ಕಂಪನಿಯ ನಾಣ್ಯವೇ ಅಲ್ಲ. ಯಾತ್ರಾಸ್ಥಳಗಳ ಅಂಗಡಿಗಳಿಗಾಗಿ ಈಚೆಗೆ ಒತ್ತಿದ ಬಿಲ್ಲೆ. ಅದರ ಮೇಲಿರೋ ಇಸವಿಯೂ ಸುಳ್ಳು, ಹೆಸರೂ ಸುಳ್ಳು.

ತಮಾಷೆ ಏನಪ್ಪಾ ಅಂದರೆ, ಕಂಪನಿ ನಿಜವಾಗಿಯೂ ನಮ್ಮ ದೇವರನ್ನು ನಾಣ್ಯದ ಮೇಲೆ ಒತ್ತಿತ್ತು, ಅದೂ ಚಿನ್ನದಲ್ಲಿ. ಮದ್ರಾಸಿನ ಸೇಂಟ್ ಜಾರ್ಜ್ ಕೋಟೆಯಿಂದ ಹೊರಟ ‘ಮೂರು ಸ್ವಾಮಿ ಪಗೋಡಾ’ದಲ್ಲಿ ಇಬ್ಬರು ದೇವಿಯರ ನಡುವೆ ವೆಂಕಟೇಶ್ವರ ನಿಂತಿದ್ದಾನೆ. ಆಮೇಲೆ ಬಂದ ‘ಸ್ಟಾರ್ ಪಗೋಡಾ’ದಲ್ಲಿ ಒಂದು ಕಡೆ ದೇವರು, ಇನ್ನೊಂದು ಕಡೆ ನಕ್ಷತ್ರ. ಭಕ್ತಿಯಿಂದ ಮಾಡಿದ್ದಲ್ಲ ಬಿಡಿ. ಬಟ್ಟೆ ನೇಯುವವನು, ಮೆಣಸು ಮಾರುವವನು, ಊರಿನ ಸಾಹುಕಾರ ಎಲ್ಲರೂ ಆ ಥರದ ಚಿನ್ನವನ್ನೇ ಕೇಳುತ್ತಿದ್ದರು, ಕಂಪನಿ ಅದನ್ನೇ ಕೊಟ್ಟಿತು. ಸುಳ್ಳು ನಾಣ್ಯ ಫಾರ್ವರ್ಡ್ ಆಗುತ್ತೆ, ನಿಜವಾದದ್ದು ಮ್ಯೂಸಿಯಮ್ಮಿನಲ್ಲಿ ಕೂತಿರುತ್ತೆ.

ಆ ‘ಥರದ ಚಿನ್ನ’ದ ಮನೆ ವಿಜಯನಗರ. ನಾವು ಹೊನ್ನು, ವರಹ, ಗದ್ಯಾಣ ಅಂತೀವಿ. ಪರ್ಷಿಯನ್ ಬರೆಯುವವರ ಬಾಯಲ್ಲಿ ಹೊನ್ನು ‘ಹುನ್’ ಆಯಿತು. ಯುರೋಪಿನವರು ಪಗೋಡಾ ಅಂದರು. ತೂಕ ಸುಮಾರು 3.4 ಗ್ರಾಂ. ಅಗಲ ಹೆಚ್ಚು ಕಡಿಮೆ ಅಂಗಿಯ ಗುಂಡಿಯಷ್ಟು. ಅರ್ಧ ಹೊನ್ನಿಗೆ ಪ್ರತಾಪ ಅನ್ನೋ ಹೆಸರಿತ್ತು. ಅದಕ್ಕಿಂತ ಕೆಳಗೆ ಹಣ. ಬೆರಳ ತುದಿಗೆ ಅಂಟಿಕೊಂಡರೆ ಕಾಣದಷ್ಟು ಸಣ್ಣ ಚಿನ್ನದ ಚೂರು, ಅರ್ಧ ಗ್ರಾಮಿಗಿಂತ ಕಡಿಮೆ. ಇವತ್ತು ನಾವು ‘ಹಣ ಇದೆಯಾ?’ ಅಂತ ಕೇಳುವಾಗ ಬಳಸೋ ಪದ ಆ ಪುಟ್ಟ ನಾಣ್ಯದ್ದೇ. 1443ರಲ್ಲಿ ಹೆರಾತಿನಿಂದ ವಿಜಯನಗರಕ್ಕೆ ಬಂದ ರಾಯಭಾರಿ ಅಬ್ದುಲ್ ರಜಾಕ್ ಈ ಮೂರೂ ನಾಣ್ಯಗಳನ್ನು ವಿವರಿಸಿದ್ದಾನೆ. ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರೋದು ಹಣವೇ ಅಂತಲೂ ಬರೆದಿದ್ದಾನೆ.

ಮೇಲಿನ ಚಿತ್ರ ರಾಜರ ಜೊತೆ ಬದಲಾಗುತ್ತಾ ಹೋಯಿತು. ಹರಿಹರ, ಬುಕ್ಕರ ಕಾಲದಲ್ಲಿ ಹನುಮಂತ ಮತ್ತು ಗರುಡ. ಎರಡನೇ ಹರಿಹರನ ಕಾಲದಲ್ಲಿ ಉಮಾಮಹೇಶ್ವರ, ಲಕ್ಷ್ಮೀನಾರಾಯಣ, ಲಕ್ಷ್ಮೀನರಸಿಂಹ, ಸರಸ್ವತಿಯ ಜೊತೆ ಬ್ರಹ್ಮ. ಕೃಷ್ಣದೇವರಾಯನ ಕಾಲಕ್ಕೆ ವೆಂಕಟೇಶ ಮತ್ತು ಬೆಣ್ಣೆ ಹಿಡಿದು ಕೂತ ಬಾಲಕೃಷ್ಣ. ಅಚ್ಯುತರಾಯನ ನಾಣ್ಯದಲ್ಲಿ ಆನೆಗಳನ್ನು ಕಚ್ಚಿ ಹಿಡಿದ ಗಂಡಭೇರುಂಡ. ಹಿಂಬದಿಯಲ್ಲಿ ರಾಜನ ಹೆಸರು, ಕನ್ನಡದಲ್ಲೋ ನಾಗರಿಯಲ್ಲೋ. ಶೈವರು ಬಂದರು, ವೈಷ್ಣವರು ಬಂದರು, ಒಂದು ವಂಶ ಹೋಗಿ ಇನ್ನೊಂದು ಬಂತು. ದೇವರು ಬದಲಾದರು, ತೂಕ ಬದಲಾಗಲಿಲ್ಲ. ಮುಂದೆ ಹೇಳೋದೆಲ್ಲ ಈ ಒಂದು ಮಾತಿನ ಮೇಲೆಯೇ ನಿಂತಿದೆ.

ಈಗ ಕಲಬುರಗಿಗೆ ಬರೋಣ.

1347ರಲ್ಲಿ ಅಲ್ಲಾವುದ್ದೀನ್ ಹಸನ್ ಬಹಮನ್ ಶಾ ದೆಹಲಿಯ ಹಿಡಿತದಿಂದ ಬಿಡಿಸಿಕೊಂಡು ದಖ್ಖನಿನಲ್ಲಿ ಸ್ವತಂತ್ರ ರಾಜ್ಯ ಕಟ್ಟಿದ. ಕಲಬುರಗಿ ರಾಜಧಾನಿ ಆಯಿತು, ‘ಅಹ್ಸನಾಬಾದ್’ ಅಂತ ಹೆಸರು ಪಡೆಯಿತು. ಅವನ ಮಗ ಒಂದನೇ ಮುಹಮ್ಮದ್ ಶಾ 1358ರಿಂದ 1375ರವರೆಗೆ ಆಳಿದ. ಕೋಟೆಯೊಳಗೆ ಇವತ್ತೂ ನಿಂತಿರೋ ಜಾಮಿ ಮಸೀದಿ 1367ರಲ್ಲಿ, ಇವನ ಕಾಲದಲ್ಲೇ ಆದದ್ದು. ರಾಜ್ಯವನ್ನು ಪ್ರಾಂತಗಳಾಗಿ ಹಂಚಿ ಆಡಳಿತಕ್ಕೆ ಒಂದು ಅಚ್ಚುಕಟ್ಟು ತಂದವನೂ ಇವನೇ.

ರಾಜ್ಯ ಸ್ವತಂತ್ರ ಅಂದಮೇಲೆ ನಾಣ್ಯವೂ ಸ್ವಂತದ್ದು ಬೇಕಲ್ಲ? ಇವನು ಚಿನ್ನದ ಟಂಕ ಹೊರಡಿಸಿದ. ತೂಕ ಸುಮಾರು 11 ಗ್ರಾಂ, ದೆಹಲಿಯ ಮಾದರಿ. ಚಿತ್ರ ಇಲ್ಲ. ಎರಡೂ ಕಡೆ ಬರೀ ಅರಬ್ಬೀ ಲಿಪಿಯ ಬರಹ, ಸುಲ್ತಾನನ ಹೆಸರು, ಬಿರುದುಗಳು. ಬರಹದ ಅಂದ ನೋಡಬೇಕು ಅಂದರೆ ಅವುಗಳನ್ನೇ ನೋಡಬೇಕು, ಅಷ್ಟು ಚೆಂದ.

ಆದರೆ ಆ ಟಂಕ ಪೇಟೆಯಲ್ಲಿ ನಿಲ್ಲಲಿಲ್ಲ. ಮುಂದಿನದ್ದನ್ನು ನಮಗೆ ಹೇಳೋನು ಫಿರಿಶ್ತಾ. ಈತ 17ನೇ ಶತಮಾನದ ಆರಂಭದಲ್ಲಿ ಬಿಜಾಪುರದ ಇಬ್ರಾಹಿಂ ಆದಿಲ್ ಶಾನ ಆಸ್ಥಾನದಲ್ಲಿ ಕೂತು ಪರ್ಷಿಯನ್ನಿನಲ್ಲಿ ಇತಿಹಾಸ ಬರೆದವನು. ಅವನ ಪ್ರಕಾರ, ಪೇಟೆಯ ಹಿಂದೂ ಸರಾಫರು ಸುಲ್ತಾನನ ನಾಣ್ಯ ಕೈಗೆ ಬಂದಷ್ಟನ್ನೂ ಕರಗಿಸುತ್ತಿದ್ದರು. ವಿಜಯನಗರ ಮತ್ತು ವಾರಂಗಲ್ಲಿನ ರಾಜರು ಹಿಂದಿನಿಂದ ಕುಮ್ಮಕ್ಕು ಕೊಟ್ಟಿದ್ದರು. ದಖ್ಖನಿನಲ್ಲಿ ಹೊನ್ನು, ಪ್ರತಾಪ ಮಾತ್ರ ಚಲಾವಣೆಯಲ್ಲಿ ಇರಬೇಕು ಅನ್ನೋದು ಉದ್ದೇಶ. ಸುಲ್ತಾನ ಎಚ್ಚರಿಕೆ ಕೊಟ್ಟ. ಸರಾಫರು ಕೇಳಲಿಲ್ಲ. 1360ರಲ್ಲಿ ಅವರನ್ನು ಕೊಲ್ಲಿಸಿದ. ಅವರ ಜಾಗಕ್ಕೆ ಹಿಂದೆ ದೆಹಲಿಯ ಸೈನ್ಯಗಳ ಜೊತೆ ಬಂದು ಇಲ್ಲೇ ನೆಲೆಸಿದ್ದ ಖತ್ರಿಗಳನ್ನು ಕೂರಿಸಿದ.

ಇಷ್ಟನ್ನು ಓದಿದ ಕೂಡಲೇ ಎರಡು ಥರದ ಜನ ಎದ್ದು ನಿಲ್ತಾರೆ. ಒಬ್ಬರು, ‘ನೋಡಿದ್ರಾ, ದೇವರ ಚಿತ್ರ ಸಹಿಸಲಾರದೆ ಕೊಂದ’ ಅಂತಾರೆ. ಇನ್ನೊಬ್ಬರು, ‘ಫಿರಿಶ್ತಾ ಎರಡೂವರೆ ಶತಮಾನ ಆದಮೇಲೆ ಬರೆದವನು, ಉತ್ಪ್ರೇಕ್ಷೆ ಅವನ ಅಭ್ಯಾಸ, ಹೀಗೇನೂ ಆಗಿರಲಿಕ್ಕಿಲ್ಲ’ ಅಂತಾರೆ. ಎರಡೂ ಉತ್ತರಗಳು ಸಲೀಸು. ಎರಡರಲ್ಲೂ ಆ ಸರಾಫರು ಮರೆಯಾಗಿಬಿಡ್ತಾರೆ.

ಫಿರಿಶ್ತಾನ ಮಾತನ್ನು ಒರೆಗೆ ಹಚ್ಚಿ ನೋಡೋಣ. ಮೊದಲನೇ ಪ್ರಶ್ನೆ, ಇದು ಧರ್ಮದ ಜಗಳವೇ? ಹಾಗಿದ್ದರೆ ಖಾಲಿ ಆದ ಗದ್ದಿಗೆ ಮೇಲೆ ಸುಲ್ತಾನ ಯಾರನ್ನು ಕೂರಿಸಬೇಕಿತ್ತು? ಅವನು ಕೂರಿಸಿದ್ದು ಖತ್ರಿಗಳನ್ನು, ಅವರೂ ಹಿಂದೂಗಳೇ. ಅವನಿಗೆ ಬೇಕಾಗಿದ್ದದ್ದು ತನ್ನ ಮಾತು ಕೇಳೋ ಸರಾಫರು. ದೆಹಲಿಯ ಟಂಕದ ಲೆಕ್ಕ ಗೊತ್ತಿದ್ದವರು, ಈ ನೆಲದ ಹೊನ್ನಿನ ಜೊತೆ ಹಳೇ ನಂಟು ಇಲ್ಲದವರು.

ಎರಡನೇ ಪ್ರಶ್ನೆ, ಸರಾಫರು ಯಾಕೆ ಕರಗಿಸಿದರು? ಪಕ್ಕದ ರಾಜನ ಕುಮ್ಮಕ್ಕು ಇತ್ತು ಅಂತ ಫಿರಿಶ್ತಾ ಹೇಳಿದರೂ, ವ್ಯಾಪಾರಸ್ಥ ಮನುಷ್ಯ ನಷ್ಟ ಮಾಡಿಕೊಂಡು ರಾಜಕೀಯ ಮಾಡೋದು ಕಡಿಮೆ. ನೀವೇ ಯೋಚನೆ ಮಾಡಿ. 11 ಗ್ರಾಂ ಚಿನ್ನ ಅಂದರೆ ಇವತ್ತಿನ ದರದಲ್ಲಿ ಲಕ್ಷ ರೂಪಾಯಿ ದಾಟುತ್ತೆ. ಅಂಥ ಒಂದು ನಾಣ್ಯ ಹಿಡಿದುಕೊಂಡು ಸಂತೆಗೆ ಹೋಗಿ ಜೋಳ ಕೊಳ್ಳೋಕೆ ಆಗುತ್ತಾ? ಕಲ್ಯಾಣದ ಚಾಲುಕ್ಯರ ಕಾಲದಿಂದಲೂ ಈ ಸೀಮೆಯ ಜನ ಸಣ್ಣ ಹೊನ್ನಿನಲ್ಲಿ, ಅದರ ಭಾಗಗಳಲ್ಲಿ ಲೆಕ್ಕ ಹಾಕಿ ರೂಢಿ ಆದವರು. ಕಂದಾಯ, ದಾನ, ದಂಡ, ಬಡ್ಡಿ ಎಲ್ಲಾ ಅದರಲ್ಲೇ. ದೇವಸ್ಥಾನದ ಶಾಸನಗಳಲ್ಲಿ ಗದ್ಯಾಣ, ಪಣ ಅನ್ನೋ ಲೆಕ್ಕ ಎಷ್ಟು ಸಲ ಬರುತ್ತೆ ನೋಡಿ. ಅಂಥ ಪೇಟೆಗೆ ಹೊಸ ತೂಕದ ದೊಡ್ಡ ಟಂಕ ಬಂದರೆ ಅದು ನಾಣ್ಯ ಅನ್ನಿಸಿಕೊಳ್ಳೋದಿಲ್ಲ, ಚಿನ್ನದ ಗಟ್ಟಿ ಅನ್ನಿಸಿಕೊಳ್ಳುತ್ತೆ. ಗಟ್ಟಿಯನ್ನು ಕರಗಿಸಿ ಓಡೋ ನಾಣ್ಯ ಮಾಡಿಕೊಂಡರೆ ಲಾಭ. ಅಬ್ದುಲ್ ರಜಾಕನ ಮಾತಿನ ಪ್ರಕಾರ ಹೊನ್ನಿನ ಚಿನ್ನದಲ್ಲಿ ಸ್ವಲ್ಪ ಬೆರಕೆಯೂ ಇತ್ತು. ಅಪರಂಜಿ ಚಿನ್ನದ ನಾಣ್ಯ, ಬೆರಕೆ ಚಿನ್ನದ ನಾಣ್ಯ ಎರಡೂ ಒಂದೇ ಪೇಟೆಯಲ್ಲಿದ್ದರೆ ಯಾವುದು ಮೂಸೆಗೆ ಹೋಗುತ್ತೆ ಅಂತ ಹೇಳೋಕೆ ಅರ್ಥಶಾಸ್ತ್ರದ ಡಿಗ್ರಿ ಬೇಕಾಗಿಲ್ಲ.

ಮೂರನೇ ಪ್ರಶ್ನೆ, ಅಷ್ಟು ರಕ್ತ ಹರಿಸಿ ಸುಲ್ತಾನ ಗೆದ್ದನಾ?

ಇಲ್ಲ. ಗೆಲ್ಲಲಿಲ್ಲ ಅಂತ ಫಿರಿಶ್ತಾನೇ ಹೇಳ್ತಾನೆ. ಫಿರೋಜ್ ಶಾನ ಕಾಲಕ್ಕೆ (1397-1422) ಸತ್ತವರ ವಂಶದವರು ದೊಡ್ಡ ಮೊತ್ತ ಕಟ್ಟಿ ತಮ್ಮ ಹಿರಿಯರ ವೃತ್ತಿಗೆ ವಾಪಸ್ ಬಂದರು. ಹೊನ್ನು ಮತ್ತೆ ಬಹಿರಂಗವಾಗಿ ಓಡಾಡತೊಡಗಿತು. ಇದಕ್ಕೆ ಫಿರಿಶ್ತಾನ ಮಾತೊಂದೇ ಸಾಕ್ಷಿ ಅಲ್ಲ. ಬಹಮನಿಗಳ ನೆಲದಲ್ಲಿ ಸಿಕ್ಕ ನಾಣ್ಯದ ನಿಧಿಗಳನ್ನು ಅಭ್ಯಾಸ ಮಾಡಿದ ಇತಿಹಾಸಕಾರ ಫಿಲಿಪ್ ವ್ಯಾಗನರ್, ಬಹಮನಿ ಹಣಕಾಸು ವ್ಯವಸ್ಥೆಯ ಒಳಗೇ ವಿಜಯನಗರದ ಹೊನ್ನಿಗೆ ಒಂದು ಜಾಗ ಇತ್ತು ಅಂತ 2014ರಲ್ಲಿ ಪ್ರಕಟವಾದ ಲೇಖನದಲ್ಲಿ ವಿವರವಾಗಿ ತೋರಿಸಿದ್ದಾರೆ. ಪುಸ್ತಕ ಹೇಳಿದ್ದನ್ನು ಮಣ್ಣೂ ಹೇಳಿದೆ.

ಸುಲ್ತಾನರಿಗೆ ತಾವೂ ಆ ಹೊನ್ನನ್ನು ಬಿಟ್ಟು ಬದುಕೋಕೆ ಆಗುತ್ತಿರಲಿಲ್ಲ. ಇದೇ ಮುಹಮ್ಮದ್ ಶಾನ ಬಗ್ಗೆ ಫಿರಿಶ್ತಾ ಇನ್ನೊಂದು ಕಥೆ ಹೇಳ್ತಾನೆ. ಒಂದು ಸಂಜೆ ದೆಹಲಿಯಿಂದ ಬಂದ 300 ಗಾಯಕರ ಹಾಡು ಕೇಳಿ ಖುಷಿಯಾದ ಸುಲ್ತಾನ, ‘ಇವರಿಗೆ ವಿಜಯನಗರದ ಖಜಾನೆಯಿಂದ ಇನಾಮು ಕೊಡಿಸಿ’ ಅಂತ ಬರೆಸಿದನಂತೆ. ಮದ್ಯದ ಅಮಲಿನ ಮಾತು ಅಂತ ಮಂತ್ರಿ ಸುಮ್ಮನಾದ. ಮರುದಿನ ಸುಲ್ತಾನ ಪಟ್ಟು ಹಿಡಿದ. ಬೇರೆ ರಾಜನ ಖಜಾನೆಯ ಮೇಲೆ ಬರೆದ ಹುಂಡಿ! ಅದನ್ನು ಒಯ್ದ ದೂತನನ್ನು ವಿಜಯನಗರದ ರಾಯ ಕತ್ತೆ ಮೇಲೆ ಕೂರಿಸಿ ಮೆರವಣಿಗೆ ಮಾಡಿಸಿದ. ಯುದ್ಧ ಶುರುವಾಯಿತು. ಕಥೆಯಲ್ಲಿ ಮಸಾಲೆ ಎಷ್ಟೇ ಇರಲಿ, ಹೊನ್ನು ಎಲ್ಲಿಂದ ಬರಬೇಕು ಅನ್ನೋ ವಿಷಯದಲ್ಲಿ ಯಾರಿಗೂ ಗೊಂದಲ ಇರಲಿಲ್ಲ.

ಮುಂದೆ 1407ರ ಹೊತ್ತಿಗೆ ಫಿರೋಜ್ ಶಾ ಒಂದನೇ ದೇವರಾಯನ ಜೊತೆ ಒಪ್ಪಂದ ಮಾಡಿಕೊಂಡಾಗ ಫಿರಿಶ್ತಾ ಕೊಡೋ ಪಟ್ಟಿಯಲ್ಲಿ ಮೊದಲು ಬರೋದು 10 ಲಕ್ಷ ಹೊನ್ನು. ಮುತ್ತು, ಆನೆ ಎಲ್ಲ ಆಮೇಲೆ. ಅವನ ಸಂಖ್ಯೆಗಳನ್ನು ಸ್ವಲ್ಪ ವಟ್ಟ ಹಿಡಿದೇ ಓದಬೇಕು. ಆದರೂ ಆ ದೃಶ್ಯ ಕಣ್ಣ ಮುಂದೆ ತಂದುಕೊಳ್ಳಿ. ಅಜ್ಜನ ಕಾಲದಲ್ಲಿ ಯಾವ ನಾಣ್ಯ ಓಡಿಸಿದ್ದಕ್ಕೆ ಜನರ ತಲೆ ಹೋಗಿತ್ತೋ ಅದೇ ನಾಣ್ಯ ಈಗ ವಿಜಯದ ಕಾಣಿಕೆಯಾಗಿ ಕಲಬುರಗಿಯ ಖಜಾನೆ ಸೇರುತ್ತಿದೆ, ಮೇಲಿನ ದೇವರ ಸಮೇತ. ಫಿರೋಜ್ ಶಾನ ಗೋರಿ ಹಫ್ತ್ ಗುಂಬಜ್‌ನಲ್ಲಿದೆ. ಕಲಬುರಗಿಗೆ ಹೋದಾಗ ಬಂದೇನವಾಜ್ ದರ್ಗಾಕ್ಕೆ ಹೋಗುವವರು ಅದನ್ನೂ ನೋಡಿ. ಒಳಗಿನ ಗಾರೆ ಕೆಲಸ ಬೇರೆಲ್ಲೂ ಹಾಗೆ ಸಿಗಲಿಕ್ಕಿಲ್ಲ.

ಫಿರೋಜನ ನಂತರ ರಾಜಧಾನಿ ಬೀದರಿಗೆ ಹೋಯಿತು. ಇವತ್ತು ಕಲಬುರಗಿಯಿಂದ ಬೀದರಿಗೆ ಹೋಗೋ ಬಸ್ಸು ಕಮಲಾಪುರ, ಹುಮನಾಬಾದ್ ದಾಟಿಕೊಂಡೇ ಹೋಗುತ್ತೆ. ಬಹಮನಿ ರಾಜ್ಯ ಒಡೆದು ಬಿಜಾಪುರ, ಗೋಲ್ಕೊಂಡ, ಅಹ್ಮದ್‌ನಗರ, ಬೀದರ್, ಬೇರಾರ್ ಅಂತ ಐದಾಯಿತು. ಅವರು ಹೆಚ್ಚಾಗಿ ಹೊರಡಿಸಿದ್ದು ತಾಮ್ರದ ನಾಣ್ಯ. ಚಿನ್ನದ ಲೆಕ್ಕಕ್ಕೆ ಹೊನ್ನೇ ಸಾಕು ಅಂದುಕೊಂಡರು. 1565ರಲ್ಲಿ ವಿಜಯನಗರವನ್ನು ಸೋಲಿಸಿದ ಮೇಲೂ ಹೊನ್ನನ್ನು ಸೋಲಿಸಲಿಲ್ಲ. 1636ರಲ್ಲಿ ಗೋಲ್ಕೊಂಡದ ಸುಲ್ತಾನ ಮೊಗಲರಿಗೆ ವರ್ಷಕ್ಕೆ ಎಷ್ಟು ಕಪ್ಪ ಕೊಡಲು ಒಪ್ಪಿದ? 2 ಲಕ್ಷ ಹುನ್. 1674ರಲ್ಲಿ ಶಿವಾಜಿ ಪಟ್ಟಕ್ಕೆ ಬಂದಾಗ ಹೊರಡಿಸಿದ ಚಿನ್ನದ ನಾಣ್ಯದ ಹೆಸರೇನು? ಹೊನ್ನೇ.

ಸಣ್ಣ ಪುಟ್ಟ ರಾಜರೂ ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡಿದ್ದರು. ಕೆಳದಿಯ ನಾಯಕರ ಇಕ್ಕೇರಿ ವರಹದಲ್ಲಿ ಶಿವ-ಪಾರ್ವತಿ ಇದ್ದರು. 1763ರಲ್ಲಿ ಹೈದರ್ ಅಲಿ ಬಿದನೂರನ್ನು ಗೆದ್ದ. ಅಲ್ಲಿನ ಟಂಕಸಾಲೆ ಅವನದಾಯಿತು. ಅವನು ಶಿವ-ಪಾರ್ವತಿಯರನ್ನು ಮುಟ್ಟಲಿಲ್ಲ. ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲಕ್ಷರ ‘ಹೇ’ಯನ್ನು ಒತ್ತಿಸಿದ, ಅಷ್ಟೇ. ಮಗ ಟಿಪ್ಪು ದೇವರ ಚಿತ್ರ ತೆಗೆದು ಎರಡೂ ಕಡೆ ಬರಹ ಹಾಕಿಸಿದ, ಆದರೆ ಅಪ್ಪನ ಅಕ್ಷರ ಉಳಿಸಿಕೊಂಡ. 1799ರ ನಂತರ ಮುಮ್ಮಡಿ ಕೃಷ್ಣರಾಜ ಒಡೆಯರ ವರಹದಲ್ಲಿ ಶಿವ-ಪಾರ್ವತಿ ಮತ್ತೆ ಬಂದರು.

ಉತ್ತರದಲ್ಲೂ ಇದೇ ಕಥೆ. 1192ರಲ್ಲಿ ತರಾಯಿನ್ ಯುದ್ಧ ಗೆದ್ದ ಮುಹಮ್ಮದ್ ಘೋರಿ, ಉತ್ತರ ಭಾರತದಲ್ಲಿ ಹೊರಡಿಸಿದ ಚಿನ್ನದ ನಾಣ್ಯದಲ್ಲಿ ಕೂತ ಲಕ್ಷ್ಮಿಯನ್ನು ಹಾಗೇ ಇಟ್ಟು, ಹಿಂದೆ ನಾಗರಿಯಲ್ಲಿ ತನ್ನ ಹೆಸರು ಬರೆಸಿದ. ಜನರಿಗೆ ಪರಿಚಯ ಇದ್ದ ಮುಖವನ್ನು ತೆಗೆದರೆ ನಾಣ್ಯ ನಿಲ್ಲೋದಿಲ್ಲ ಅಂತ ಗೆದ್ದವನಿಗೂ ಗೊತ್ತಿತ್ತು.

ಹಾಗಾದರೆ ಆ ಚಿತ್ರ ಏನು? ಪೂಜೆಯ ಮೂರ್ತಿಯಾ, ಟ್ರೇಡ್‌ಮಾರ್ಕಾ?

ಎರಡೂ ಅಂತ ನನಗನ್ನಿಸುತ್ತೆ. ಓದು ಬರಹ ಬಾರದ ರೈತನಿಗೆ ಹಿಂಬದಿಯ ಅಕ್ಷರ ಗೊತ್ತಾಗೋದಿಲ್ಲ, ಮುಂದಿನ ಹನುಮಂತ ಗೊತ್ತಾಗುತ್ತಾನೆ. ‘ಇದು ಆ ಟಂಕಸಾಲೆಯದ್ದು, ಇದರ ತೂಕ ನನಗೆ ಗೊತ್ತು’ ಅನ್ನೋ ಧೈರ್ಯ ಅವನಿಗೆ ಬರುತ್ತೆ. ಕೈ ಮುಗಿಯೋದೂ ಇರುತ್ತಿತ್ತು. ಪೂಜೆಗೆ ಅಂತಲೇ ಮಾಡಿದ ಬಿಲ್ಲೆಗಳೂ ಇದ್ದವು, ರಾಮ ಪಟ್ಟಾಭಿಷೇಕದ ಚಿತ್ರದ ರಾಮಟಂಕಗಳು. ಅವು ಪೇಟೆಗೆ ಹೋಗುತ್ತಿರಲಿಲ್ಲ, ದೇವರ ಜಗಲಿಯಲ್ಲಿ ಇರುತ್ತಿದ್ದವು. ಪೇಟೆಗೆ ಹೋಗೋ ನಾಣ್ಯಕ್ಕೆ ಪೇಟೆ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ, ತೂಗಿದರೆ ಎಷ್ಟು?

ಈ ಮಾತಿಗೆ ನಮ್ಮ ಕಡೆಯ ಹೆಣ್ಣುಮಕ್ಕಳ ಕೊರಳಲ್ಲೇ ಒಂದು ಸಾಕ್ಷಿ ಇದೆ. ಉತ್ತರ ಕರ್ನಾಟಕ, ಮಹಾರಾಷ್ಟ್ರದ ಕಡೆ ಪುತಳಿ ಸರ ಅಂತ ಇದೆಯಲ್ಲ, ಚಿನ್ನದ ಬಿಲ್ಲೆಗಳನ್ನು ಸಾಲಾಗಿ ಪೋಣಿಸಿದ್ದು? ಪುತಳಿ ಅಂದರೆ ಗೊಂಬೆ. ಆ ಬಿಲ್ಲೆಗಳ ಮೂಲ ವೆನಿಸ್ ನಗರದ ಡಕಾಟ್ ನಾಣ್ಯ. 1284ರಲ್ಲಿ ಶುರುವಾಗಿ ಸುಮಾರು ಐನೂರು ವರ್ಷ ಅದೇ 3.5 ಗ್ರಾಂ ತೂಕ, ಅದೇ ಅಪರಂಜಿ ಚಿನ್ನ. ಒಂದು ಕಡೆ ಸಂತ ಮಾರ್ಕನ ಮುಂದೆ ಮಂಡಿಯೂರಿದ ವೆನಿಸ್‌ನ ಡೋಜ್, ಇನ್ನೊಂದು ಕಡೆ ನಕ್ಷತ್ರಗಳ ನಡುವೆ ಏಸು ಕ್ರಿಸ್ತ. ಮೆಣಸು, ಬಟ್ಟೆ ಕೊಳ್ಳೋಕೆ ಸಮುದ್ರ ದಾಟಿ ಬಂದ ಆ ನಾಣ್ಯ ನಮ್ಮಲ್ಲಿ ಎಷ್ಟು ನಂಬಿಕೆ ಗಳಿಸಿತು ಅಂದರೆ, ಇಲ್ಲಿನ ಅಕ್ಕಸಾಲಿಗರು ಅದರ ನಕಲು ಮಾಡತೊಡಗಿದರು. ನಕಲಿನ ನಕಲಿನಲ್ಲಿ ಸಂತ, ಡೋಜ್ ಇಬ್ಬರೂ ಕರಗಿ ಎರಡು ಗೊಂಬೆ ಆದರು. ನೋಡುವವರ ಕಣ್ಣಿಗೆ ಅವರೇ ರಾಮ-ಸೀತೆ. ಆಮೇಲೆ ಆ ಜಾಗಕ್ಕೆ ಲಕ್ಷ್ಮಿ ಬಂದಳು. ವರಮಹಾಲಕ್ಷ್ಮಿ ಪೂಜೆಗೆ ಕೂತ ಮುತ್ತಜ್ಜಿಯ ಕೊರಳಲ್ಲಿ ಸಂತ ಮಾರ್ಕ ಇದ್ದಿರಬಹುದು, ಯಾರಿಗೂ ಏನೂ ತೊಂದರೆ ಆಗಲಿಲ್ಲ.

ಇದನ್ನೆಲ್ಲ ಓದಿಕೊಂಡ ಮೇಲೆ ಹೋದ ಸಲ ಊರಿಗೆ ಹೋದಾಗ ಕಲಬುರಗಿಯ ಸರಾಫ್ ಬಜಾರಿನಲ್ಲಿ ಒಂದು ಸುತ್ತು ಹಾಕಿದೆ. ಸರಾಫ್ ಅಂದರೆ ನಾಣ್ಯ ಪರೀಕ್ಷೆ ಮಾಡಿ ಬದಲಾಯಿಸಿಕೊಡುವವನು. ಚಿನ್ನದ ಅಂಗಡಿಗಳ ಸಾಲಿಗೆ ಇನ್ನೂ ಅದೇ ಹೆಸರು. ಪರಿಚಯದ ಒಬ್ಬ ಹಿರಿಯರ ಅಂಗಡಿಯಲ್ಲಿ ಕೂತೆ. ‘ಲಕ್ಷ್ಮೀದು ತೋರಸ್ಲೇನ್ರಿ, ಬಾಲಾಜಿದು ತೋರಸ್ಲೇನ್ರಿ?’ ಅಂದರು. ಎರಡಕ್ಕೂ ರೇಟಿನಲ್ಲಿ ಏನು ಫರಕು ಅಂತ ಕೇಳಿದೆ. ನಕ್ಕರು. ‘ಕೊಡುವಾಗ ಮಜೂರಿ ಬ್ಯಾರೆ ಬ್ಯಾರೆ ಇರ್ತದ. ವಾಪಸ್ ತಂದ್ರ ದೇವ್ರಿಗೆ ರೇಟ್ ಇಲ್ರಿ, ತೂಕಕ್ಕ ಅದ.’

1360ರ ಜಗಳದ ಸಾರಾಂಶ ಆ ಒಂದು ಮಾತಿನಲ್ಲಿತ್ತು. ಅಂದು ಸತ್ತವರೂ ಹೀಗೇ ತಕ್ಕಡಿ, ಒರೆಗಲ್ಲು ಇಟ್ಟುಕೊಂಡು ಕೂತವರು. ಅವರ ಹೆಸರು ಫಿರಿಶ್ತಾ ಬರೆಯಲಿಲ್ಲ. ಕಲಬುರಗಿಯಲ್ಲಿ ಅವರ ನೆನಪಿನ ಒಂದು ಕಲ್ಲನ್ನೂ ನಾನು ಕಂಡಿಲ್ಲ. ಅವರನ್ನು ಧರ್ಮವೀರರು ಅಂತ ಮಾಡೋದಾಗಲಿ, ಕಟ್ಟುಕಥೆ ಅಂತ ತಳ್ಳಿಹಾಕೋದಾಗಲಿ ಅವರಿಗೆ ನ್ಯಾಯ ಅಲ್ಲ. ಜನ ಯಾವುದನ್ನು ನಂಬುತ್ತಿದ್ದರೋ ಅದನ್ನು ತೂಗಿ ಕೊಡುತ್ತಿದ್ದರು. ನಂಬಿಕೆಯನ್ನು ಹುಕುಂ ಮಾಡಿ ತರಿಸಬಹುದು ಅಂತ ಅಂದುಕೊಂಡ ಒಬ್ಬ ರಾಜನ ಕೈಗೆ ಸಿಕ್ಕಿಬಿದ್ದರು. ಆ ರಾಜ ಮಸೀದಿ ಕಟ್ಟಿಸಿದ, ಒಳ್ಳೆ ಆಡಳಿತವನ್ನೂ ಕೊಟ್ಟ. ಈ ಒಂದು ವಿಷಯದಲ್ಲಿ ಮಾತ್ರ ಅವನ ಪಕ್ಷ ವಹಿಸೋಕೆ ನನ್ನಿಂದ ಆಗೋದಿಲ್ಲ.

ಇಷ್ಟು ಓದಿ ನಿಮಗೂ ಒಂದು ಹೊನ್ನು ಸಂಗ್ರಹದಲ್ಲಿ ಇರಲಿ ಅನ್ನಿಸಿದರೆ ತಪ್ಪೇನಿಲ್ಲ. ಎರಡು ವಿಷಯ ಗೊತ್ತಿರಲಿ. ನೂರು ವರ್ಷ ದಾಟಿದ ನಾಣ್ಯ 1972ರ ಕಾನೂನಿನ ಪ್ರಕಾರ ಪುರಾತನ ವಸ್ತು. ಅಮೆರಿಕಾದಲ್ಲಿರೋ ಗೆಳೆಯನಿಗೆ ಗಿಫ್ಟ್ ಅಂತ ಕಳಿಸೋ ಹಾಗಿಲ್ಲ. ಹೊಲದಲ್ಲೋ ಹಳೇ ಮನೆ ಕೆಡವುವಾಗಲೋ ಸಿಕ್ಕಿದರೆ ಅದು ನಿಧಿ, ಜಿಲ್ಲಾಧಿಕಾರಿಗೆ ತಿಳಿಸಬೇಕು. ಈ ನಿಯಮ 1878ರಿಂದಲೇ ಇದೆ. ಹೆದರಿಕೊಂಡು ಗುಟ್ಟಾಗಿ ಕರಗಿಸಿಬಿಡೋದು ಎಲ್ಲಕ್ಕಿಂತ ದೊಡ್ಡ ನಷ್ಟ. 3.4 ಗ್ರಾಂ ಚಿನ್ನ ಎಲ್ಲಿ ಬೇಕಾದರೂ ಸಿಗುತ್ತೆ. ಯಾವ ಮಣ್ಣಿನಲ್ಲಿ, ಯಾವ ಟಂಕದ ಪಕ್ಕದಲ್ಲಿ, ಎಷ್ಟನೇ ಪದರದಲ್ಲಿ ಆ ಹೊನ್ನು ಇತ್ತು ಅನ್ನೋ ಸಂಗತಿ ಮೂಸೆಯಿಂದ ವಾಪಸ್ ಬರೋದಿಲ್ಲ. ಬಹಮನಿ ಪೇಟೆಯಲ್ಲಿ ಹನುಮಂತನ ಹೊನ್ನು ಓಡುತ್ತಿತ್ತು ಅಂತ ಇವತ್ತು ಧೈರ್ಯವಾಗಿ ಹೇಳೋಕೆ ಆಗೋದು ಯಾರೋ ಕೆಲವರು ಕರಗಿಸದೆ ಒಪ್ಪಿಸಿದ್ದರಿಂದ. ಹಂಪಿಗೆ ಹೋದಾಗ ಕಮಲಾಪುರದ ಮ್ಯೂಸಿಯಮ್ಮಿನಲ್ಲಿ ಆಯುಧ, ತಾಮ್ರಪಟಗಳ ಜೊತೆ ಇಟ್ಟಿರೋ ನಾಣ್ಯಗಳ ಮುಂದೆ ಹತ್ತು ನಿಮಿಷ ನಿಲ್ಲಿ. ಫ್ರೀಯಾಗಿ ನೋಡೋಕೆ ಸಿಗೋ ಸಂಗ್ರಹ ಅಲ್ಲದಿದ್ದರೂ ಟಿಕೆಟ್ಟಿನ ದುಡ್ಡಿಗೆ ಮೋಸ ಇಲ್ಲ.

ದೇವರ ಚಿತ್ರದ ಚಿನ್ನ ಈಗ ಪೇಟೆಯಲ್ಲಿ ಓಡೋದಿಲ್ಲ. ಮದ್ರಾಸ್ ಪ್ರಾಂತದಲ್ಲಿ 1818ರಲ್ಲಿ ರೂಪಾಯಿ ಬಂದು ಪಗೋಡಾದ ಕಾಲ ಮುಗಿಸಿತು. ಹೌದು, ವಾಟ್ಸಾಪಿನ ರಾಮ ದರ್ಬಾರಿನ ಮೇಲಿರೋ ಅದೇ 1818. ಈಗಿನ ನಾಣ್ಯದಲ್ಲಿರೋ ಲೋಹಕ್ಕೂ ಅದರ ಮುಖಬೆಲೆಗೂ ಸಂಬಂಧ ಇಲ್ಲ. 2006ರಲ್ಲಿ ಕೇಂದ್ರ ಸರ್ಕಾರ ಬಸವಣ್ಣನವರ ಚಿತ್ರದ 5 ರೂಪಾಯಿ ನಾಣ್ಯ ಹೊರಡಿಸಿತ್ತು, ಯಾವಾಗಲಾದರೂ ಚಿಲ್ಲರೆಯಲ್ಲಿ ನಿಮ್ಮ ಕೈಗೂ ಬಂದಿರಬಹುದು. ನಮ್ಮ ಕಲಬುರಗಿಯಿಂದ ದೂರವಿಲ್ಲದ ಕಲ್ಯಾಣದಲ್ಲಿ, ಬಿಜ್ಜಳನ ಭಂಡಾರ ನೋಡಿಕೊಂಡವರು ಬಸವಣ್ಣ. ಖಜಾನೆಯ ಲೆಕ್ಕ ಬಲ್ಲ ಒಬ್ಬ ಧರ್ಮಗುರು ನಾಣ್ಯದ ಮೇಲೆ ಬಂದದ್ದು ಸರಿಯಾಗಿಯೇ ಇದೆ. ಅದನ್ನು ತೆಗೆದುಕೊಳ್ಳುವಾಗ ಕಿರಾಣಿ ಅಂಗಡಿಯವನು ತೂಗಿ ನೋಡೋದಿಲ್ಲ, ಒರೆಗೆ ಹಚ್ಚೋದಿಲ್ಲ. ಒಮ್ಮೆ ನೋಡಿ ಗಲ್ಲಾಪೆಟ್ಟಿಗೆಗೆ ಹಾಕಿಕೊಳ್ತಾನೆ. ಮುಹಮ್ಮದ್ ಶಾನಿಗೆ ಕತ್ತಿ ಹಿಡಿದರೂ ಸಿಗದೇ ಹೋದದ್ದು ಅದೇ.